ಒಬ್ಬನೇ ಎಬ್ಬಿಸಿದ ಕೊಟ್ಟಿಗೆ

ಡನ್‌ಫರ್ಡಿನಲ್ಲಿ ಯಾರಾದರೂ ಮನೆಯನ್ನೋ ಕೊಟ್ಟಿಗೆಯನ್ನೋ ಎಬ್ಬಿಸಬೇಕೆಂದರೆ ಯಜಮಾನನೇ ನಡೆದುಹೋಗಿ ಒಂದೊಂದು ಮನೆಯ ಬಾಗಿಲನ್ನೂ ತಟ್ಟಬೇಕು. ಕುದುರೆ ಏರಿ ಹೋಗುವಂತಿಲ್ಲ, ಹೆಂಡತಿಯನ್ನು ಕಳಿಸುವಂತಿಲ್ಲ, ಭಾನುವಾರ ಸಭಾಮನೆಯಲ್ಲಿ ಎದ್ದು ನಿಂತು ಎಲ್ಲರಿಗೂ ಒಟ್ಟಿಗೆ ಹೇಳಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಬಾಗಿಲು ತೆರೆದಾಗ ಟೋಪಿ ತೆಗೆದು, "ಬುಧವಾರ ಚೌಕಟ್ಟು ಎಬ್ಬಿಸ್ತೀನಿ, ನಿನ್ನ ಹೆಗಲು ಬೇಕು" ಅನ್ನಬೇಕು. ಅಷ್ಟೇ. ಬೇಲಿಯ ಜಗಳ ಇದ್ದವನೂ ಬರುತ್ತಾನೆ, ಸೊಂಟ ಹಿಡಿದವನೂ ಬಂದು ಗೂಟ ಎತ್ತಿಕೊಡುತ್ತಾನೆ. ಕರೆದ ಮನೆಗೆ ಹೋಗದವನು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಕರೆಯದ ಮನೆಗೆ ಹೋದವನೂ ಹುಟ್ಟಿಲ್ಲ. ನಮ್ಮ ಜನ ಇರುವುದೇ ಹಾಗೆ.

ಜೋಥಮ್ ಬಿಕ್ಸ್‌ಬಿಗೆ ಇದು ತಿಳಿಯದ್ದೇನಲ್ಲ. ಅವನು ಬಡಗಿಯ ಮಗ. ತೊಲೆಗಳ ನಡುವೆ ಅಂಬೆಗಾಲಿಟ್ಟವನು, ಮರದ ಹೊಟ್ಟಿನ ಮೇಲೆ ನಿದ್ದೆ ಮಾಡಿದವನು. ಅಪ್ಪ ಕೊರೆದು ಜೋಡಿಸಿದ ಚೌಕಟ್ಟುಗಳನ್ನು ಊರವರು ಸೇರಿ ಎಬ್ಬಿಸುವಾಗ, ಅವನೂ ಪಕ್ಕದ ಹೊಲದ ಎನಾಕ್ ಟಟಲ್‌ನೂ ಒಂದೇ ಗಳ ಹಿಡಿದು ತಳ್ಳುತ್ತ ದೊಡ್ಡವರಾದರು. ತುದಿಗೆ ಕಬ್ಬಿಣದ ಮುಳ್ಳು ಬಡಿದ ಉದ್ದನೆಯ ಗಳಗಳು ಅವು. ನೆಲದ ಮೇಲೆ ಮಲಗಿಸಿ ಜೋಡಿಸಿದ ಚೌಕಟ್ಟನ್ನು ಊರಿನ ಗಂಡಸರೆಲ್ಲ ಆ ಗಳಗಳಿಂದ ಒಂದೇ ಉಸಿರಿನಲ್ಲಿ ನೂಕಿ ನೆಟ್ಟಗೆ ನಿಲ್ಲಿಸಬೇಕು. ನೆತ್ತಿಯ ತೊಲೆ ಕೂತ ಮೇಲೆ ಎನಾಕ್ ಅದರ ಮೇಲಕ್ಕೆ ಹತ್ತಿ, ರಮ್ ಬಾಟಲಿ ಒಡೆದು, ಚೌಕಟ್ಟಿಗೆ ಒಂದು ಹೆಸರಿಡುತ್ತಿದ್ದ. ಅವನ ಬಾಯಿಯೋ ಬಾಯಿ. ಜಿಪುಣನೊಬ್ಬನ ಕೊಟ್ಟಿಗೆಗೆ "ಮುಚ್ಚಿದ ಮುಷ್ಟಿ" ಎಂದು ಇಟ್ಟಿದ್ದ, ಹೊಸದಾಗಿ ಮದುವೆಯಾದವನ ಮನೆಗೆ "ಇನ್ನು ನಿದ್ದೆಯಿಲ್ಲ" ಎಂದು. ಬೈದುಕೊಂಡರೂ ನಕ್ಕರೂ ಆ ಹೆಸರೇ ಉಳಿಯುತ್ತಿತ್ತು.

ರಾಜನ ವಿರುದ್ಧ ಯುದ್ಧ ಬಂದಾಗ ಇಬ್ಬರೂ ಹೋದರು. ಎನಾಕ್ ಒಂದು ಬೇಸಿಗೆ ಕಳೆದು ಹುಲ್ಲುಕೊಯ್ಲಿಗೆ ಮನೆಗೆ ಬಂದ. ಜೋಥಮ್ ಕೊನೆಯವರೆಗೂ ಉಳಿದ; ಒಡ್ಡು, ಸೇತುವೆ, ಕಂದಕ ಎಂದು ಕಟ್ಟುವ ಕೆಲಸದ ಪಡೆಯಲ್ಲಿ ಒಬ್ಬ ಮುದುಕ ಅಧಿಕಾರಿಯ ಕೈಕೆಳಗೆ ಲೆಕ್ಕ ಕಲಿತ. ವಾಪಸು ಬರುವಾಗ ಬಗಲಲ್ಲಿ ಒಂದು ಹಿತ್ತಾಳೆಯ ದುರ್ಬೀನಿತ್ತು, ನೆಲದ ಮಟ್ಟ ನೋಡುವಂಥದ್ದು. ಅದನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ದೂರದ ಗುಡ್ಡದ ಬುಡಕ್ಕೂ ತನ್ನ ಹೊಸ್ತಿಲಿಗೂ ಎಷ್ಟು ಏರಿಳಿತ ಎಂದು ಹೇಳುತ್ತಿದ್ದ. 

"ನೀರು ಸುಳ್ಳು ಹೇಳಲ್ಲ ಕಣೋ ಎನಾಕ್. ಮಟ್ಟ ಎಲ್ಲಿದೆಯೋ ಅಲ್ಲೇ ನಿಲ್ಲುತ್ತೆ."

"ಹೌದಪ್ಪಾ, ಅದಕ್ಕೇ ಅದನ್ನ ಯಾರೂ ಮದುವೆ ಆಗಲ್ಲ."

ಜೋಥಮ್ ಮದುವೆಯಾದದ್ದು ಹಲ್ಡಾಳನ್ನು. ಮಾತು ಕಡಿಮೆ, ಆಡಿದರೆ ನೇರ. ಎರಡು ಮಕ್ಕಳಾದವು. ಗಂಟಲುಬೇನೆ ಊರಿಗೆ ನುಗ್ಗಿದ ವರ್ಷ ಎರಡೂ ಒಂದೇ ವಾರದಲ್ಲಿ ಹೋದವು. ಹೂಳುವ ದಿನ ಬೆಳಿಗ್ಗೆ ಜೋಥಮ್ ಎನಾಕ್‌ನ ಬಾಗಿಲಿಗೆ ಹೋಗಿ ನಿಂತ. ಬಾಯಿ ತೆರೆಯುವ ಮುನ್ನವೇ ಎನಾಕ್ ಗೋಡೆಯ ಗೂಟದಿಂದ ಕೋಟು ತೆಗೆದುಕೊಂಡ. ಚಿಕ್ಕ ಪೆಟ್ಟಿಗೆಗಳಿಗೆ ನಾಲ್ಕು ಹೆಗಲು ಬೇಡ. ಎನಾಕ್ ಒಂದನ್ನು ತೋಳಲ್ಲಿ ಅಪ್ಪಿಕೊಂಡು ಸಭಾಮನೆಯ ಗುಡ್ಡ ಹತ್ತಿ, ತಿರುಗಿ ಬಂದು ಇನ್ನೊಂದನ್ನೂ ಒಯ್ದ. ಬೇರೆಯವರು ಕೈಚಾಚಿದರೂ ಕೊಡಲಿಲ್ಲ.

ಆಮೇಲೆ ಜೋಥಮ್ ಕೆಲಸಕ್ಕೆ ಬಿದ್ದ. ಬಾಸ್ಟನ್ನಿನ ಸಾಹುಕಾರರು ಸೇರಿ ಒಂದು ಕಂಪನಿ ಕಟ್ಟಿ, ನಮ್ಮ ನದಿಯಿಂದ ಸಮುದ್ರದ ತನಕ ದೋಣಿ ಕಾಲುವೆ ತೋಡುತ್ತೇವೆಂದು ಹೊರಟರು. ಮರ, ಕಲ್ಲು, ಸೇಬು, ಎಲ್ಲ ನೀರಿನ ಮೇಲೆ ಹೋಗುವುದು. ಅದಕ್ಕೊಬ್ಬ ಇಂಜಿನಿಯರ್ ಬೇಕು. ಆಗ ಈ ದೇಶದಲ್ಲಿ ಇಂಜಿನಿಯರ್ ಎಂದರೆ ದುರ್ಬೀನು ಇದ್ದವನು. ಜೋಥಮ್ ಎರಡು ಬೇಸಿಗೆ ಜೌಗಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಟ್ಟ ಹಿಡಿದ. ಕಾಲುವೆಗೆ ನೀರು ಸಿಗಬೇಕಾದರೆ ಡನ್‌ಫರ್ಡಿನ ಕೆಳಗೆ ನದಿಗೆ ಅಡ್ಡಲಾಗಿ ಕಟ್ಟೆ ಹಾಕಲೇಬೇಕು ಎಂದು ಲೆಕ್ಕ ಹೇಳಿತು.

ಊರಿನ ಎದೆ ಧಸಕ್ಕೆಂದಿತು. ನದಿಯ ಎರಡೂ ದಂಡೆಯಲ್ಲಿ ನಮ್ಮ ಹುಲ್ಲಿನ ಬಯಲು; ಕಟ್ಟೆ ಎತ್ತರವಾದರೆ ನೀರು ಹಿಂದಕ್ಕೆ ನಿಂತು ಅದನ್ನು ಮುಳುಗಿಸುತ್ತದೆ. ಆ ಹುಲ್ಲೇ ಚಳಿಗಾಲದಲ್ಲಿ ದನಗಳ ಜೀವ, ದನಗಳೇ ನಮ್ಮ ಜೀವ. ಎಲ್ಲರಿಗಿಂತ ತಗ್ಗಿನ ಬಯಲು ಎನಾಕ್‌ನದು. ಊರ ಸಭೆ ಸೇರಿ, ಕಾಲುವೆಯ ಕಾನೂನು ಬರುವಾಗ ನಮ್ಮವನೊಬ್ಬ ಅಲ್ಲಿರಲಿ ಎಂದು ಜೋಥಮ್‌ನನ್ನೇ ರಾಜ್ಯದ ಶಾಸನಸಭೆಗೆ ಆರಿಸಿತು. ನಮ್ಮೂರು ಪ್ರತಿನಿಧಿಯನ್ನು ಸುಮ್ಮನೆ ಕಳಿಸುವುದಿಲ್ಲ, ಏನು ಮಾಡಬೇಕೆಂದು ಹೇಳಿಯೇ ಕಳಿಸುತ್ತದೆ. ಎನಾಕ್ ಎದ್ದು ನಿಂತ.

"ಕಟ್ಟೆ ಎಷ್ಟು ಎತ್ತರ ಅನ್ನೋದನ್ನ ಕಾನೂನಲ್ಲೇ ಬರೆಸ್ಕೊಂಡು ಬರಬೇಕು. ಜೋಥಮ್ ಕಟ್ಟೋ ಕಟ್ಟೆಗೆ ನಾನು ಹೆದರಲ್ಲ. ಕಟ್ಟಿ ಅವನು ಮನೆಗೆ ಬಂದ ಮೇಲೆ ಬೇರೆಯವರು ಬಂದು ಕೈಯಾಡಿಸಿದ್ರೆ? ಅದಕ್ಕೆ ಹೆದರ್ತೀನಿ."

ಸಭಾಮನೆಯಲ್ಲಿ ಒಂದೂ ಬಿಡದೆ ಎಲ್ಲ ಕೈಗಳೂ ಮೇಲೆದ್ದವು. ಜೋಥಮ್‌ನದೂ ಎದ್ದಿತು.

ಬಾಸ್ಟನ್ನು ಅವನಿಗೆ ಹಿಡಿಸಲಿಲ್ಲ. ಶಾಸನಸಭೆಯವರು ತಂಗುವ ಊಟದ ಮನೆಯೊಂದರಲ್ಲಿ ಒಬ್ಬ ಹಡಗು ವ್ಯಾಪಾರಿಯ ಜೊತೆ ಒಂದೇ ಮಂಚ. ಆ ಮನುಷ್ಯ ಗೊರಕೆ ಹೊಡೆಯುತ್ತಿದ್ದ, ಎಚ್ಚರವಿದ್ದಾಗ ಅದಕ್ಕಿಂತ ಜೋರಾಗಿ ಮಾತಾಡುತ್ತಿದ್ದ. ಮೇಜಿನ ಸುತ್ತ ಎಲ್ಲರೂ ವಕೀಲರು, ವ್ಯಾಪಾರಿಗಳು. ಜೋಥಮ್‌ನ ಬೂಟು ಕಂಡು "ನಮ್ಮ ಕೆಸರಿನ ಸ್ಕ್ವಾಯರ್ ಬಂದ್ರು, ಜಾಗ ಬಿಡಿ, ಜಾಗ ಬಿಡಿ" ಎಂದು ನಗುತ್ತಿದ್ದರು; ಸ್ಕ್ವಾಯರ್ ಎಂದರೆ ಊರಿನ ದೊಡ್ಡ ಮನುಷ್ಯನಿಗೆ ಕೊಡುವ ಮರ್ಯಾದೆಯ ಹೆಸರು. ಅವನು ಮೀನಿನ ಸಾರು ಕುಡಿದು ಎದ್ದುಹೋಗಿ ಬಂದರಿನ ಕಟ್ಟೆಯ ಮೇಲೆ ಒಬ್ಬನೇ ಕೂರುತ್ತಿದ್ದ. ಹಲ್ಡಾ ಈಗ ಹಾಲು ಕರೆಯುತ್ತಿರಬೇಕು, ಎನಾಕ್ ಬೇಲಿ ಹಾರಿ ಬಂದು ಸೌದೆ ಒಡೆದುಕೊಟ್ಟಿರಬೇಕು ಎಂದು ಯೋಚಿಸುತ್ತಿದ್ದ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಅವನು ಹಿಂದೆಂದೂ ಇರಲಿಲ್ಲ.

ಕಾನೂನು ಮತಕ್ಕೆ ಬರುವ ಹಿಂದಿನ ದಿನ ಆ ಹಡಗು ವ್ಯಾಪಾರಿಯೇ ಪಕ್ಕಕ್ಕೆ ಕರೆದ. 

"ಬಿಕ್ಸ್‌ಬಿಯವರೇ, ಕಟ್ಟೆ ಎತ್ತರದ ಆ ಒಂದು ಸಾಲು ತೆಗೆದುಬಿಡಿ. ಕಂಪನಿಯೋರಿಗೆ ಅದು ಗಂಟಲಲ್ಲಿ ಸಿಕ್ಕೊಂಡಿದೆ. ಅದು ಹೋದ್ರೆ ನಮ್ಮ ಕಡೆಯೋರ ಮತವೆಲ್ಲ ನಿಮಗೆ. ಅಷ್ಟಕ್ಕೂ ಕಟ್ಟೆ ಕಟ್ಟೋರು ನೀವೇ ತಾನೆ? ನಿಮಗೆ ನಿಮ್ಮ ಮೇಲೇ ನಂಬಿಕೆ ಇಲ್ವಾ?"

ಅಲ್ಲಿ ಎಡವಿದ ನೋಡಿ. ಬೇರೆ ಯಾರಾದರೂ ದುಡ್ಡಿಗೋ ಹೆದರಿಕೆಗೋ ಆ ಸಾಲು ಬಿಟ್ಟಿದ್ದರೆ ಊರು ಬೈದು ಮರೆಯುತ್ತಿತ್ತು. ಜೋಥಮ್ ಬಿಟ್ಟದ್ದು ತನ್ನ ಲೆಕ್ಕದ ಮೇಲಿನ ಜಂಬಕ್ಕೆ. ಕಟ್ಟೆ ನನ್ನದು, ಮಟ್ಟ ನನ್ನದು, ನೀರು ನನ್ನ ಮಾತು ಕೇಳುತ್ತದೆ, ಕಾಗದದಲ್ಲೇನಿದೆ ಎಂದುಕೊಂಡ. ಸಾಲು ಹೋಯಿತು, ಕಾನೂನು ಬಂತು.

ಮೊದಲ ದೋಣಿ ಡನ್‌ಫರ್ಡಿಗೆ ಬಂದ ದಿನ ತೋಪು ಹಾರಿಸಿದರು, ಪಾದ್ರಿ ಪ್ರಾರ್ಥನೆ ಮಾಡಿದರು, ಮಕ್ಕಳು ದಂಡೆಯುದ್ದಕ್ಕೂ ಓಡಿದರು. ಜನ ಜೋಥಮ್‌ನನ್ನು ಹೊತ್ತು ಕುಣಿದರು. ಎನಾಕ್ ಗುಂಪಿನಲ್ಲಿ ನುಗ್ಗಿ ಬಂದು ಕಿವಿಯಲ್ಲಿ ಕೇಳಿದ:

"ಎತ್ತರದ ಮಾತು ಕಾನೂನಲ್ಲಿ ಸೇರ್ತಾ?"

"ನಾನಿದ್ದೀನಲ್ಲೋ."

ಎನಾಕ್ ಒಂದು ಗಳಿಗೆ ಅವನ ಮುಖ ನೋಡಿದ. "ಸರಿ ಬಿಡು. ನೀನಿದ್ದೀಯಲ್ಲ" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ನಂಬಿ ಆಡಿದ ಮಾತು.

ಮಳೆ ಕಡಿಮೆಯಾದ ವರ್ಷ ದೋಣಿಗಳ ತಳ ಕಾಲುವೆಗೆ ತಾಗತೊಡಗಿತು. ಕಂಪನಿಯವರು ಜೋಥಮ್‌ನನ್ನು ಒಂದು ಮಾತೂ ಕೇಳದೆ ಕಟ್ಟೆಯ ನೆತ್ತಿಗೆ ಹಲಗೆ ಬಡಿದು ನೀರನ್ನು ಏರಿಸಿದರು. ಅವನು ಬಾಸ್ಟನ್ನಿಗೆ ಓಡಿದ, ಮೇಜು ಗುದ್ದಿದ. ಅವರು ಕಾನೂನನ್ನು ಮುಂದಕ್ಕೆ ತಳ್ಳಿ, "ಎತ್ತರ ಎಲ್ಲಿ ಬರೆದಿದೆ, ತೋರಿಸಿ" ಎಂದರು. ಅವನು ತೋರಿಸಲಾರದೆ ಬಂದ. ಊರಿನ ಹುಲ್ಲಿನ ಬಯಲುಗಳ ಮೇಲೆ ನೀರು ನಿಂತೇ ಉಳಿಯಿತು. ಒಳ್ಳೆಯ ಹುಲ್ಲು ಸತ್ತು, ದನ ಮೂಸಿ ನೋಡದ ಜೊಂಡು ಎದ್ದಿತು. ಎನಾಕ್ ಒಂದಾದ ಮೇಲೊಂದು ಹಸುಗಳನ್ನು ಮಾರಿದ. ಕೊನೆಗೆ ಉಳಿದದ್ದು ಒಂದು.

ಊರ ಸಭೆಯಲ್ಲಿ ಜೋಥಮ್ ಬಹಳ ಹೊತ್ತು ಮಾತಾಡಿದ. ಮಳೆಯ ಬಗ್ಗೆ, ಹಲಗೆಯ ಬಗ್ಗೆ, ಕಂಪನಿಯ ಮೋಸದ ಬಗ್ಗೆ. ಹೇಳಿದ್ದೆಲ್ಲ ನಿಜ. ಹೇಳಬೇಕಾದ ಒಂದನ್ನು ಮಾತ್ರ ಹೇಳಲಿಲ್ಲ. ಅವನು ಕೂತ ಮೇಲೆ ಎನಾಕ್ ಎದ್ದ. "ನಾವು ಹೇಳಿ ಕಳಿಸಿದ್ದೇನು ಅಂತ ನೆನಪಿದೆಯಾ, ಸ್ಕ್ವಾಯರ್ ಅವರೇ?" ಎಂದಷ್ಟೇ ಕೇಳಿ ಕೂತುಕೊಂಡ.

ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಮ್ಮೂರಿನ ಸಿಟ್ಟು ಬಾಯಿಂದ ಬರುವುದಿಲ್ಲ. ಅದು ಮರ್ಯಾದೆಯಾಗಿ ಬರುತ್ತದೆ. ಚಿಕ್ಕಂದಿನಿಂದ "ಲೋ ಜೋಥಮ್" ಎಂದವರೆಲ್ಲ "ನಮಸ್ಕಾರ ಸ್ಕ್ವಾಯರ್, ಚೆನ್ನಾಗಿದ್ದೀರಾ" ಎನ್ನತೊಡಗಿದರು. ಸಭಾಮನೆಯಲ್ಲಿ ಅವನ ಬೆಂಚಿನ ಹಿಂದಿನವರು ಪ್ರಾರ್ಥನೆ ಮುಗಿದ ಕೂಡಲೇ ಬೇರೆ ಬಾಗಿಲಿನಿಂದ ಹೋಗುತ್ತಿದ್ದರು. ಮತ್ತೆ ಅವನನ್ನು ಎಲ್ಲಿಗೂ ಆರಿಸಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಯಾರ ಮನೆ ಎಬ್ಬಿಸುವಾಗಲೂ ಅವನ ಬಾಗಿಲು ಯಾರೂ ತಟ್ಟಲಿಲ್ಲ. ಸುತ್ತಿಗೆಯ ಸದ್ದು, ನಗು, ಎನಾಕ್ ಹೆಸರಿಡುವಾಗಿನ ಗದ್ದಲ, ಎಲ್ಲ ಗಾಳಿಯಲ್ಲಿ ಕೇಳಿಸುತ್ತಿತ್ತು. ಜೋಥಮ್ ಅಂಗಳದಲ್ಲಿ ನಿಂತು ಯಾರ ಮನೆಯಿರಬಹುದೆಂದು ಊಹಿಸುತ್ತಿದ್ದ.

ಅವನು ದೂರದ ರಾಜ್ಯಗಳಿಗೆ ಹೋಗಿ ಕಾಲುವೆ ಕಟ್ಟಿದ, ಸೇತುವೆ ಕಟ್ಟಿದ. ಅಲ್ಲೆಲ್ಲ ಹೆಸರು ಬಂತು. ಹಿಮ ಬೀಳುವಾಗ ಮನೆಗೆ ಬಂದರೆ ಹಲ್ಡಾ ಬೆಂಕಿಯ ಮುಂದೆ ನೂಲುತ್ತಿದ್ದಳು. ಹೆಂಗಸರ ನಡುವೆ ದಾರಿ ಪೂರ್ತಿ ಮುಚ್ಚಿರಲಿಲ್ಲ. ಎನಾಕ್‌ನ ಹೆಂಡತಿ ಡಾರ್ಕಸ್ ಹಿತ್ತಿಲ ಕಲ್ಲುಗೋಡೆಯ ಹತ್ತಿರ ಬಂದು ಹಲ್ಡಾಳ ಜೊತೆ ಎರಡು ಮಾತಾಡಿ ಹೋಗುತ್ತಿದ್ದಳು. ಗಂಡಸರ ವಿಷಯ ಅವರು ಎತ್ತುತ್ತಿರಲಿಲ್ಲ ಎಂದೇ ಜೋಥಮ್ ತಿಳಿದಿದ್ದ.

ವಯಸ್ಸಾಗಿ ಅವನು ಪೂರ್ತಿ ಮನೆಗೆ ಬಂದ ವರ್ಷ, ಅಪ್ಪನ ಕಾಲದ ಕೊಟ್ಟಿಗೆ ಹಿಮದ ಭಾರಕ್ಕೆ ಕುಸಿಯಿತು. ಚಳಿಗಾಲವೆಲ್ಲ ಜೋಥಮ್ ಓಕ್ ಮರ ಕಡಿದು, ಕೊಡಲಿಯಿಂದ ಚೌಕ ಮಾಡಿ, ತೂತು ಕೊರೆದು, ಗೂಟ ಕೆತ್ತಿದ. ಹಿಮ ಕರಗಿ ನೆಲ ಗಟ್ಟಿಯಾಗುವ ಹೊತ್ತಿಗೆ ಚೌಕಟ್ಟುಗಳು ಹುಲ್ಲಿನ ಮೇಲೆ ಜೋಡಿಸಿ ಮಲಗಿದ್ದವು. ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ನೋಡಿ, ನಮಸ್ಕಾರ ಹೇಳಿ, ಮುಂದೆ ಹೋಗುತ್ತಿದ್ದರು.

"ರೀ, ಯಾವಾಗ ಹೋಗ್ತೀರಿ ಕರೆಯೋಕೆ?" ಎಂದಳು ಹಲ್ಡಾ.

"ಬರೋರು ಬರ್ತಾರೆ."

"ಕರೀದೆ ಯಾರು ಬರ್ತಾರೆ? ನೀವು ಈ ಊರಲ್ಲಿ ಹುಟ್ಟಿದೋರಲ್ವಾ?"

"ನಾನು ಹೋಗಿ ಬಾಗಿಲು ತಟ್ಟಿದ್ರೆ ಎನಾಕ್ ಮುಖದ ಮೇಲೇ ಹಾಕ್ಕೋತಾನೆ."

"ಹಾಕ್ಕೊಳ್ಳಲಿ. ಹಾಕ್ಕೊಂಡ್ರೆ ಅವನದು ತಪ್ಪಾಗುತ್ತೆ. ಈಗ ನಿಮ್ಮದು."

ಜೋಥಮ್‌ಗೆ ಹೆದರಿಕೆ ಬಾಗಿಲಿನದಲ್ಲ. ಎನಾಕ್‌ನ ಎದುರು ಟೋಪಿ ತೆಗೆದು ನಿಂತರೆ ಹೆಗಲು ಕೇಳುವ ಮೊದಲು ಇನ್ನೊಂದು ಮಾತು ಬಾಯಿಗೆ ಬರುತ್ತದೆ, ಅದನ್ನು ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ. ಒಂದು ಬೆಳಿಗ್ಗೆ ಕಲ್ಲುಗೋಡೆಯ ತನಕ ಹೋದ. ಆಚೆ ಎನಾಕ್‌ನ ಜೊಂಡು ಗಾಳಿಗೆ ತೂಗುತ್ತಿತ್ತು. ಅಷ್ಟು ನೋಡಿ ತಿರುಗಿ ಬಂದ.

ಬಂದವನೇ ಕಾಲುವೆ ಕೆಲಸದಲ್ಲಿ ಭಾರ ಎತ್ತುತ್ತಿದ್ದ ಹಳೆಯ ರಾಟೆಗಳನ್ನು ಅಟ್ಟದಿಂದ ಇಳಿಸಿದ. ಹಗ್ಗಗಳಿಗೆ ಕೊಬ್ಬು ಹಚ್ಚಿದ. ಕಾಲುವೆಯ ನೀರು ತಡೆಯುವ ದೊಡ್ಡ ಬಾಗಿಲುಗಳನ್ನು ಎತ್ತಿ ಕೂರಿಸಿದವನಿಗೆ ಒಂದು ಕೊಟ್ಟಿಗೆ ಯಾವ ಲೆಕ್ಕ! ಒಂದು ಎತ್ತರದ ಕಂಬ, ಅದರ ತಲೆಗೆ ರಾಟೆ, ಹಗ್ಗದ ತುದಿಗೆ ಸ್ಟಾರ್, ಬ್ರೈಟ್ ಎಂಬ ಜೋಡೆತ್ತು. ಯಾರ ಹಂಗೂ ಬೇಕಿಲ್ಲ.

ಅವನು ಕೆಲಸ ಶುರುಮಾಡಿದ ಬೆಳಿಗ್ಗೆ ಅಡುಗೆಮನೆಯಿಂದ ವಾಸನೆ ಬಂತು. ಒಳಗೆ ಹೋಗಿ ನೋಡಿದರೆ ಹಲ್ಡಾ ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸ್ ಕಾಳಿನ ದೊಡ್ಡ ಮಡಕೆಗಳನ್ನು ಸಾಲಾಗಿ ಇಟ್ಟಿದ್ದಳು. ಕಂದು ರೊಟ್ಟಿ, ಸೇಬಿನ ಪೈ, ಕುಂಬಳದ ಪೈ, ಮೂಲೆಯಲ್ಲಿ ರಮ್ಮಿನ ಪೀಪಾಯಿ. ಇಡೀ ಊರಿಗಾಗುವಷ್ಟು.

"ಇದೆಲ್ಲ ಯಾರಿಗೆ?"

"ಕೊಟ್ಟಿಗೆ ಎಬ್ಬಿಸೋ ದಿನ ಈ ಮನೇಲಿ ಒಲೆ ಹಚ್ಚಲಿಲ್ಲ ಅನ್ನಿಸ್ಕೊಳ್ಳಲ್ಲ ನಾನು" ಎಂದಳು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.

ಮೊದಲ ಚೌಕಟ್ಟು ನೆಲಬಿಟ್ಟು ಏಳುವಾಗ ಜೋಥಮ್ ತಲೆಯೆತ್ತಿದ. ಸಭಾಮನೆಯ ಗುಡ್ಡದ ಮೇಲೆ, ಅಲ್ಲಿನ ಕಲ್ಲುಗೋಡೆಯ ಈಚೆಗೆ, ಊರಿನ ಗಂಡಸರು ನಿಂತಿದ್ದರು. ಎನಾಕ್ ಎಲ್ಲರಿಗಿಂತ ಮುಂದೆ. ಎಲ್ಲರೂ ಈ ಕಡೆ ನೋಡುತ್ತಿದ್ದರು. ನಾನು ಬೀಳುವುದನ್ನು ನೋಡಲು ಬಂದಿದ್ದಾರೆ ಎಂದುಕೊಂಡ ಜೋಥಮ್. ಹಗ್ಗ ಹರಿಯಲಿ, ಚೌಕಟ್ಟು ಉರುಳಲಿ ಎಂದು ಕಾಯುತ್ತಿದ್ದಾರೆ. ಅವರಿಗೆ ಬೆನ್ನು ಹಾಕಿ, "ಹೋಯ್, ನಡಿ ಬ್ರೈಟ್!" ಎಂದು ಎತ್ತುಗಳನ್ನು ಹೊಡೆದ. ಚೌಕಟ್ಟು ಕಿರುಗುಟ್ಟುತ್ತ ಎದ್ದು ನೆಟ್ಟಗೆ ನಿಂತಿತು. ಅವನು ಓಡಿ ಊರುಗೋಲು ಕೊಟ್ಟ, ಗೂಟ ಬಡಿದ. ಎರಡನೆಯದೂ ಎದ್ದಿತು. ಮತ್ತೊಮ್ಮೆ ತಿರುಗಿ ನೋಡುವಾಗ ಗುಡ್ಡ ಖಾಲಿಯಾಗಿತ್ತು.

ಒಬ್ಬನೇ ಹತ್ತಿ, ಒಬ್ಬನೇ ಇಳಿದು, ಕೆಲವು ದಿನಗಳಲ್ಲಿ ನೆತ್ತಿಯ ತೊಲೆಯನ್ನೂ ಕೂರಿಸಿದ. ಒಂದು ಕೂದಲೆಳೆಯಷ್ಟು ಓರೆಯಿಲ್ಲ. ತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂತು ಕೆಳಗೆ ನೋಡಿದ. ಹಲ್ಡಾ ಅಂಗಳದಲ್ಲಿ ಏಪ್ರನ್ನಿನಲ್ಲಿ ಕೈ ಸುತ್ತಿಕೊಂಡು ನಿಂತಿದ್ದಳು. ಎತ್ತುಗಳು ಮೆಲುಕು ಹಾಕುತ್ತಿದ್ದವು. ಸೊಂಟದಲ್ಲಿ ರಮ್ ಬಾಟಲಿ ಇತ್ತು. ಒಡೆಯಬೇಕೆಂದು ಹೊರತೆಗೆದ. ಆದರೆ ತಾನೇ ಹೆಸರಿಟ್ಟು ತಾನೇ ಕೂಗಿ ತಾನೇ ಕೇಳಿಸಿಕೊಳ್ಳುವುದು ಹೇಗೆ? ಬಾಟಲಿಯನ್ನು ಮತ್ತೆ ಸಿಕ್ಕಿಸಿಕೊಂಡು ಇಳಿದ. ಆ ವಾರವೆಲ್ಲ ಗಂಡಹೆಂಡತಿ ಬೀನ್ಸ್ ಕಾಳು ತಿಂದರು. ಉಳಿದ ಪೈಗಳನ್ನು ಹಲ್ಡಾ ಒಂದೊಂದಾಗಿ ಹಂದಿಗಳಿಗೆ ಹಾಕಿದಳು. ಹಾಕುವಾಗ ಅಳುತ್ತಿದ್ದಳು. ಅವಳು ಅತ್ತದ್ದನ್ನು ಮಕ್ಕಳು ಹೋದ ಮೇಲೆ ಜೋಥಮ್ ನೋಡಿದ್ದು ಅದೇ ಮೊದಲು.

ಆಮೇಲಿನ ವರ್ಷಗಳಲ್ಲಿ ಊರಿನವರ ಮರ್ಯಾದೆ ಇನ್ನೂ ಹೆಚ್ಚಿತು. ಯಾರೂ ಬೇಡ ಎಂದು ತೋರಿಸಿಕೊಟ್ಟವನ ಬಳಿಗೆ ಯಾರು ಹೋಗುತ್ತಾರೆ? ಪ್ರಯಾಣಿಕರು ಕೊಟ್ಟಿಗೆ ನೋಡಿ ಬೆರಗಾಗುತ್ತಿದ್ದರು. "ಯಾರದು?" ಎಂದರೆ "ಸ್ಕ್ವಾಯರ್ ಬಿಕ್ಸ್‌ಬಿಯವರದು" ಎನ್ನುತ್ತಿದ್ದರು. ಊರಿನಲ್ಲಿ ಹೆಸರಿಲ್ಲದ ಕೊಟ್ಟಿಗೆ ಅದೊಂದೇ.

ಹಲ್ಡಾಗೆ ಮಾತ್ರ ಒಂದು ಹೊಸ ಚಾಳಿ ಹತ್ತಿತು. ಆಗಾಗ, ಏನೋ ನೆನಪಾದವಳಂತೆ, "ರೀ, ಎನಾಕ್ ಹತ್ರ ಒಂದು ಬೈರಿಗೆ ಇಸ್ಕೊಂಡು ಬನ್ರೀ" ಎನ್ನುತ್ತಿದ್ದಳು.

"ಬೈರಿಗೆ ಮೂರು ನೇತಾಡ್ತಿವೆಯಲ್ಲೇ ಕೊಟ್ಟಿಗೇಲಿ!"

"ಅವನದು ಚೆನ್ನಾಗಿ ಕೊರೆಯುತ್ತಂತೆ."

"ನಿನಗೇನಾಗಿದೆ? ಬೈರಿಗೆ ಯಾಕೀಗ?"

"ಏನಿಲ್ಲ. ಹೋಗಲಿ ಬಿಡಿ."

ಮತ್ತೆ ಚಳಿ ಬಂದಾಗ ಅದೇ ಮಾತು. ಒಮ್ಮೆ ಬೈರಿಗೆ, ಒಮ್ಮೆ ರೊಟ್ಟಿ ಉಬ್ಬಿಸುವ ಹುಳಿ, ಒಮ್ಮೆ ಹೆಬ್ಬಾತಿನ ಮೊಟ್ಟೆ. ವಯಸ್ಸಾಯಿತು, ಮರೆವು ಬಂತು ಎಂದು ಜೋಥಮ್ ಸುಮ್ಮನಾಗುತ್ತಿದ್ದ.

ಎಲೆಯುದುರುವ ಕಾಲದಲ್ಲಿ ಅವಳಿಗೆ ಎದೆ ಕಟ್ಟಿತು. ಡಾರ್ಕಸ್ ಎರಡು ಸಲ ಬಂದು ಸಾಸಿವೆಯ ಪಟ್ಟು ಹಾಕಿ ಹೋದಳು. ಮೂರನೆಯ ಸಲ ಬರುವ ಹೊತ್ತಿಗೆ ಹಲ್ಡಾ ಇರಲಿಲ್ಲ. ಡಾರ್ಕಸ್ ಅವಳನ್ನು ಮೀಯಿಸಿ, ಬಿಳಿಯ ಬಟ್ಟೆ ಉಡಿಸಿ, ಬಾಗಿಲಲ್ಲಿ ನಿಂತಳು. "ಹೊರೋರನ್ನ ಮನೆಯೋರೇ ಕರೀಬೇಕು, ಸ್ಕ್ವಾಯರ್" ಎಂದು ಮೆತ್ತಗೆ ಹೇಳಿ ಹೋದಳು.

ಜೋಥಮ್ ಪೈನ್ ಹಲಗೆಯಿಂದ ಪೆಟ್ಟಿಗೆ ತಾನೇ ಮಾಡಿದ. ಆಮೇಲೆ ಕೊಟ್ಟಿಗೆಗೆ ಹೋಗಿ ನಿಂತ. ನೆಲ ಒದ್ದೆಯಿದೆ, ಎತ್ತಿನ ಜಾರುಬಂಡಿ ಹುಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಗುಡ್ಡದ ಕಡಿದಾದ ಜಾಗದಲ್ಲಿ ಸಭಾಮನೆಯ ಮೂಲೆಯ ಮರಕ್ಕೆ ರಾಟೆ ಕಟ್ಟಿದರೆ ಸಾಕು. ಗುಂಡಿಗೆ ಇಳಿಸಲು ಎರಡು ಹಗ್ಗ, ಒಂದು ಅಡ್ಡಗಂಬ. ಒಬ್ಬನೇ ಮಾಡಬಹುದು. ಅವನ ಕೈ ತಾನಾಗಿಯೇ ರಾಟೆಯನ್ನು ಗೂಟದಿಂದ ಇಳಿಸಿತ್ತು. ರಾಟೆ ಕೈಯಲ್ಲಿ ಹಿಡಿದು ಲೆಕ್ಕ ಹಾಕುತ್ತಿದ್ದಾಗ ಅದರ ಪಕ್ಕದಲ್ಲಿ ನೇತಾಡುತ್ತಿದ್ದ ಮೂರು ಬೈರಿಗೆಗಳು ಕಣ್ಣಿಗೆ ಬಿದ್ದವು.

ಅವಳನ್ನು ಮರದ ದಿಮ್ಮಿಯ ಹಾಗೆ ಎಳೆಸಿಕೊಂಡು ಹೋಗುವುದೇ? ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ರಾಟೆಯನ್ನು ನೆಲಕ್ಕೆ ಹಾಕಿ, ಕಲ್ಲುಗೋಡೆ ದಾಟಿ, ಜೊಂಡಿನ ಅಂಚಿನಲ್ಲಿ ಮೊಣಕಾಲುದ್ದ ಕೆಸರು ತುಳಿದು, ಎನಾಕ್‌ನ ಬಾಗಿಲು ತಟ್ಟಿದ. 

ಎನಾಕ್ ಬಾಗಿಲು ತೆರೆದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಜೋಥಮ್ ಟೋಪಿ ತೆಗೆದ.

"ಎನಾಕ್, ಕಾನೂನಲ್ಲಿ ಎತ್ತರದ ಸಾಲು ಇತ್ತು. ನಾನೇ ತೆಗೆಸಿದೆ. ನನ್ನ ಲೆಕ್ಕ ಸಾಕು ಅಂದ್ಕೊಂಡೆ. ನಿನ್ನ ಬಯಲು ಹೋಗಿದ್ದು ನನ್ನಿಂದ." ಟೋಪಿಯನ್ನು ಎದೆಗೆ ಒತ್ತಿಕೊಂಡ. "ಹಲ್ಡಾ ಹೋದಳು. ನಿನ್ನ ಹೆಗಲು ಬೇಕು."

ಎನಾಕ್ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದ. ಬಾಗಿಲು ತೆರೆದಾಗಲೇ ಅದು ಅವನ ತೋಳಿನ ಮೇಲಿತ್ತು.

"ಡಾರ್ಕಸ್ ಹೇಳಿದಾಗಿಂದ ಬಾಗಿಲ ಹಿಂದೇನೇ ಕೂತಿದ್ದೆ ಕಣೋ. ಬರ್ತೀಯೋ ಇಲ್ವೋ ಅಂತ." ಅವನು ಕೋಟಿನ ಗುಂಡಿ ಹಾಕಿಕೊಂಡ. "ಸಾಲಿನ ವಿಷಯ ನಂಗೆ ಕಟ್ಟೆಗೆ ಹಲಗೆ ಬಡಿದಾಗಲೇ ಗೊತ್ತಾಗಿತ್ತು. ನಿನ್ನ ಬಾಯಿಂದ ಕೇಳಬೇಕಿತ್ತು ಅಷ್ಟೇ. ಕೊಟ್ಟಿಗೆ ಎಬ್ಬಿಸಿದ ದಿನ ಆದ್ರೂ ಹೇಳ್ತೀಯ ಅಂದ್ಕೊಂಡೆ."

"ಆವತ್ತು ನೀವೆಲ್ಲ ಗುಡ್ಡದ ಮೇಲೆ ನಿಂತು ನೋಡ್ತಿದ್ರಿ."

"ನೋಡೋಕೆ ನಿಂತಿದ್ವಾ? ಲೋ, ಗಳಗಳು ಎಲ್ಲ ಗೋಡೆ ಹಿಂದೆ ಹುಲ್ಲಲ್ಲಿ ಇದ್ವು. ಡಾರ್ಕಸ್ ಪೈ ಮಾಡಿದ್ಲು, ಎಲ್ಲರ ಮನೇಲೂ ಮಾಡಿದ್ರು. ಅವನು ಬಾಗಿಲಿಗೆ ಬರದಿದ್ರೆ ಹೋಗಲಿ, ಕೈ ಎತ್ತಿ ಒಂದು ಸನ್ನೆ ಮಾಡಲಿ, ಇಳಿದು ಹೋಗೋಣ ಅಂತ ಎಲ್ಲರಿಗೂ ಹೇಳಿದ್ದೆ ನಾನು. ನೀನು ತಲೆ ಎತ್ತಿ ನೋಡಿದೆ. ನನ್ನನ್ನೇ ನೋಡಿದೆ. ಆಮೇಲೆ ಬೆನ್ನು ತಿರುಗಿಸಿದೆ."

ಜೋಥಮ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಹಲ್ಡಾಗೆ ಗೊತ್ತಿತ್ತಾ?"

"ಡಾರ್ಕಸ್ ಆ ವಾರವೇ ಹೇಳಿದ್ಲು. ನಿನಗೆ ಹೇಳಬೇಡಿ ಅಂತ ಹಲ್ಡಾ ಅಂದಳಂತೆ. ಅವರಿಗೆ ಇದು ಗೊತ್ತಾದ್ರೆ ತಡ್ಕೊಳ್ಳಲ್ಲ, ಅವರಾಗೇ ಒಂದು ದಿನ ಬರೋ ಹಾಗೆ ನಾನು ಮಾಡ್ತೀನಿ ಅಂದಳಂತೆ." ಎನಾಕ್ ಕಣ್ಣು ಒರೆಸಿಕೊಂಡ. "ಒಂದು ವಾರ ಮುಂಚೆ ಬಂದಿದ್ರೆ ನೋಡ್ತಿದ್ಲು ಕಣೋ."

ಆ ಮಧ್ಯಾಹ್ನ ಜೋಥಮ್ ಊರಿನ ಒಂದೊಂದು ಬಾಗಿಲನ್ನೂ ತಟ್ಟಿದ. ಪ್ರತಿ ಬಾಗಿಲಲ್ಲೂ ಮೊದಲು ಆ ಸಾಲಿನ ಮಾತು ಹೇಳಿ, ಆಮೇಲೆ ಹೆಗಲು ಕೇಳಿದ. ಮರುದಿನ ಕರೆದವರೆಲ್ಲ ಬಂದರು. ಹಲ್ಡಾ ನಾಲ್ಕಾರು ಸಲ ಹೆಗಲು ಬದಲಿಸಿಕೊಂಡು ಗುಡ್ಡ ಹತ್ತಿದಳು. ಎನಾಕ್ ಮುಂದಿನ ಎಡಗಡೆಯ ಹಿಡಿ ಬಿಡಲಿಲ್ಲ. ಮೊಣಕಾಲು ನೋವಿಗೆ ಮುಖ ಕಿವುಚಿದರೂ, ಬೇರೆಯವರು ಬಂದಾಗ ತಲೆಯಾಡಿಸಿದ. ನಮ್ಮಲ್ಲಿ ಸತ್ತವಳ ಗಂಡ ಹೆಗಲು ಕೊಡುವಂತಿಲ್ಲ. ಜೋಥಮ್ ಬರಿಗೈಯಲ್ಲಿ ಹಿಂದೆ ನಡೆದ. ಎಲ್ಲರೂ ಅವಳ ಭಾರ ಹೊತ್ತರು, ಅವನಿಗೆ ಮಾತ್ರ ಅದೂ ಸಿಗಲಿಲ್ಲ.

ಮಣ್ಣು ಮುಚ್ಚಿ ಎಲ್ಲರೂ ಅವನ ಕೈ ಹಿಡಿದು, "ಜೋಥಮ್, ಬರ್ತೀನಪ್ಪಾ" ಎಂದು ಹೋದರು. ಯಾರೂ ಸ್ಕ್ವಾಯರ್ ಎನ್ನಲಿಲ್ಲ. ಅದನ್ನು ಹೇಳಲು ಅವನು ಮನೆಗೆ ಬಂದ. ಬಂದು ಬಾಗಿಲು ತೆರೆದ ಮೇಲೆ, ಹೇಳಲು ಯಾರೂ ಇಲ್ಲ ಎಂಬುದು ನೆನಪಾಯಿತು. ಒಲೆ ಆರಿತ್ತು. ಹಲ್ಡಾ ನೂಲುತ್ತಿದ್ದ ರಾಟೆಯ ಮೇಲೆ ನೂಲು ಅರ್ಧಕ್ಕೆ ನಿಂತಿತ್ತು.

ಮರುದಿನ ಬೆಳಿಗ್ಗೆ ಅವನು ಕೊಟ್ಟಿಗೆಗೆ ಹೋಗಿ ದನಗಳಿಗೆ ಹುಲ್ಲು ಹಾಕಿದ. ಬೈರಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಮೂರೂ ಚೆನ್ನಾಗಿಯೇ ಇದ್ದವು. ಆಮೇಲೆ ಕಲ್ಲುಗೋಡೆ ದಾಟಿ ಹೋಗಿ ಎನಾಕ್‌ನ ಬಾಗಿಲು ತಟ್ಟಿದ.

"ಎನಾಕ್, ಒಂದು ಬೈರಿಗೆ ಬೇಕಿತ್ತು."

ಎನಾಕ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಒಳಗೆ ಡಾರ್ಕಸ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಮುಖ ಗೋಡೆಗೆ ತಿರುಗಿಸಿಕೊಂಡಳು.

"ಯಾವ ಅಳತೇದು?" ಎಂದ ಎನಾಕ್.

"ಯಾವುದಾದ್ರೂ ಪರವಾಗಿಲ್ಲ" ಎಂದ ಜೋಥಮ್. "ಹಲ್ಡಾ ಇಸ್ಕೊಂಡು ಬಾ ಅಂದಿದ್ಲು."